ಟೀವಿಯಲ್ಲಿ ನಿಂತಿದ್ದ ಹುಣಸೆಮರ

ಅಂಗಡಿಯಲ್ಲಿ ಅದು ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಚಿಂತಾಮಣಿಯ ಆ ಅಂಗಡಿಯ ಗೋಡೆ ತುಂಬ ಅದಕ್ಕಿಂತ ದೊಡ್ಡ ಟೀವಿಗಳು ಸಾಲಾಗಿ ಉರಿಯುತ್ತಿದ್ದವು. ಎಲ್ಲದರಲ್ಲೂ ಒಂದೇ ಸಮುದ್ರ, ಒಂದೇ ಗಿಳಿ. ಅವುಗಳ ನಡುವೆ ನಾವು ಆರಿಸಿದ್ದು ಪಾಪದ್ದು ಅನಿಸಿತು. "ಇದು ಸಾಕು ಕಣೇ, ತೀರಾ ದೊಡ್ಡದು ಬೇಡ" ಎಂದು ನಮ್ಮನೆಯವರು ಬೆರಳು ತೋರಿಸಿದರು. ನಾನೂ ತಲೆಯಾಡಿಸಿದೆ. ಮನೆಗೆ ತಂದು ಗೋಡೆಗೆ ತಗುಲಿಹಾಕಿದ ಮೇಲೆ ಅದರ ಗಾತ್ರ ಗೊತ್ತಾಯಿತು. ನಮ್ಮ ಹಾಲ್‌ನಲ್ಲಿ ಆ ಗೋಡೆಗೂ ಈಚೆಯ ದಿವಾನಕ್ಕೂ ನಡುವೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ, ಅಷ್ಟೇ. ವಾರ್ತೆ ಓದುವ ಹುಡುಗಿಯ ಮೂಗು ನನ್ನ ತಲೆಯಷ್ಟಿತ್ತು.

ದಿವಾನದ ಮೇಲೆ ಕೂತಿದ್ದ ನಮ್ಮ ಅತ್ತೆ ಸ್ವಲ್ಪ ಹಿಂದೆ ಸರಿದು, "ಇದೇನಮ್ಮಾ, ಇವಳು ಮನೆಯೊಳಕ್ಕೇ ಬಂದ್ಬಿಟ್ಟವಳಲ್ಲ" ಎಂದರು.

ಹಳೆಯ ಟೀವಿ ಅತ್ತೆಯ ಕೈಯಲ್ಲಿ ಪಳಗಿದ ಹಸುವಿನಂತಿತ್ತು. ಅವರಿಗೆ ಓದು ಬರಹ ಅಷ್ಟಾಗಿ ಬಾರದು, ಆದರೆ ಚಾನೆಲ್ಲುಗಳ ನಂಬರುಗಳೆಲ್ಲ ಬಾಯಿಪಾಠ. ಬೆಳಗಿನ ಪ್ರವಚನಕ್ಕೆ ಒಂದು, ಸಂಜೆಯ ಧಾರಾವಾಹಿಗೆ ಒಂದು, ತೆಲುಗು ಸಿನಿಮಾಕ್ಕೆ ಇನ್ನೊಂದು. ಕತ್ತಲಲ್ಲೂ ಬೆರಳು ಸರಿಯಾದ ಗುಂಡಿಯ ಮೇಲೇ ಹೋಗುತ್ತಿತ್ತು. ಹೊಸ ಟೀವಿಯ ರಿಮೋಟಿನಲ್ಲಿ ನಂಬರುಗಳೇ ಇರಲಿಲ್ಲ. ನಡುವೆ ಒಂದು ಉಂಗುರ, ಕೆಳಗೆ ಮನೆಯ ಚಿತ್ರ, ಪಕ್ಕದಲ್ಲಿ ಮೈಕಿನ ಚಿತ್ರ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಅತ್ತೆ, "ಮಿಕ್ಕಿದ್ದು ಡಬ್ಬದಲ್ಲೇ ಉಳ್ಕೊಂಡೈತೇನೋ ನೋಡು" ಎಂದು ನನ್ನನ್ನು ಕಳಿಸಿದರು. ನಾನು ಹೋಗಿ ನಿಜಕ್ಕೂ ಡಬ್ಬದೊಳಗೆ ಕೈಯಾಡಿಸಿ ಬಂದೆ. ನನಗೂ ಹಾಗೇ ಅನಿಸಿತ್ತು.

ನಾನು ಶಿಡ್ಲಘಟ್ಟದ ರಸ್ತೆಯಲ್ಲಿರುವ ಒಂದು ಊರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಛಂದಸ್ಸು, ಸಂಧಿ, ಸಮಾಸ ಯಾವುದನ್ನು ಕೇಳಿದರೂ ಬಿಡಿಸಿ ಹೇಳುತ್ತೇನೆ. ಈ ಟೀವಿಯ ಮುಂದೆ ಮಾತ್ರ ಹಿಂದಿನ ಬೆಂಚಿನ ಹುಡುಗಿಯಂತಾದೆ. ಬೆಳಿಗ್ಗೆ ಹಾಕಿದ ಕೂಡಲೇ ಅದು ತಾನೇ ಒಂದು ಪ್ರಶ್ನೆ ಕೇಳುತ್ತಿತ್ತು: ನೋಡುತ್ತಿರುವವರು ಯಾರು? ನಮ್ಮ ಮನೆಯಲ್ಲಿ ನಮ್ಮ ಟೀವಿಗೆ ನಾವು ಯಾರೆಂದು ಹೇಳಬೇಕೆಂದರೆ ಏನರ್ಥವೋ ತಿಳಿಯಲಿಲ್ಲ. ನಮ್ಮನೆಯವರು ಏನೇನೋ ಒತ್ತಿ ಮೂರು ಮುಖಗಳನ್ನು ಮಾಡಿದರು. ಅವರದು ಕನ್ನಡಕದ ಗೊಂಬೆ, ನನ್ನದು ಒಂದು ಹೂವು, ಅತ್ತೆಯದು ಹೇಗೋ ಕರಡಿಯಾಗಿಬಿಟ್ಟಿತು. ಬದಲಾಯಿಸಲು ಬರಲಿಲ್ಲ. ಅತ್ತೆಗೆ ಬೇಸರವೇನೂ ಆಗಲಿಲ್ಲ. "ಕರಡಿ ಒತ್ತಮ್ಮಾ" ಎಂದು ಅವರೇ ಹೇಳುತ್ತಿದ್ದರು. ಆದರೆ ಕರಡಿ ಒತ್ತಿದರೆ ಮಕ್ಕಳ ಹಾಡುಗಳು ಬರುತ್ತಿದ್ದವು. ಪ್ರವಚನ ಎಲ್ಲಿ ಹೋಯಿತು, ಮಕ್ಕಳ ಹಾಡು ಯಾಕೆ ಬಂತು, ಮೂವರಿಗೂ ಗೊತ್ತಾಗಲಿಲ್ಲ.

ಮೈಕಿನ ಗುಂಡಿ ಒತ್ತಿ ಬೇಕಾದ್ದನ್ನು ಬಾಯಲ್ಲೇ ಹೇಳಬಹುದೆಂದು ಅಂಗಡಿಯವನು ಹೇಳಿದ್ದ. ಒಂದು ಸಂಜೆ ಅತ್ತೆಯ ಕೈಗೆ ರಿಮೋಟು ಕೊಟ್ಟು, "ಹೇಳಿ ಅತ್ತೆ, ಏನು ಬೇಕೋ ಕೇಳಿ" ಎಂದೆ. ಅವರು ಸೆರಗು ಸರಿಮಾಡಿಕೊಂಡು, ಯಾರದೋ ಮನೆಗೆ ಹೋದವರ ಹಾಗೆ ನೆಟ್ಟಗೆ ಕೂತು, ಮೆತ್ತಗಿನ ದನಿಯಲ್ಲಿ, "ದೇವರ ನಾಮ ಹಾಕಪ್ಪಾ" ಎಂದರು. ಟೀವಿ ಒಂದು ಕ್ಷಣ ಯೋಚಿಸಿತು. ಆಮೇಲೆ ಗೋಡೆಯಗಲ ಒಂದು ಕಪ್ಪೆ ಬಂದು ಕೂತು, ಗಂಟಲು ಉಬ್ಬಿಸಿ ವಟಗುಟ್ಟಲಾರಂಭಿಸಿತು. ಹಾಕಪ್ಪ ಎಂದಿದ್ದು ಅದಕ್ಕೆ ಕಪ್ಪೆ ಎಂದು ಕೇಳಿಸಿತ್ತು. ನಾನು ನಗು ತಡೆಯಲಾರದೆ ಅಡಿಗೆಮನೆಗೆ ಹೋದೆ. ಅತ್ತೆ ಮಾತ್ರ ಕೊನೆಯವರೆಗೂ ಕೂತು ನೋಡಿದರು. "ಕೇಳಿದ್ದೊಂದು ಕೊಟ್ಟಿದ್ದೊಂದು. ಆದ್ರೂ ಪಾಪ, ಚೆನ್ನಾಗೈತೆ ಕಪ್ಪೆ" ಎಂದರು.

ಮುಂದಿನ ಪೀಕಲಾಟಕ್ಕೆ ನಮ್ಮನೆಯವರೇ ಕಾರಣ. ಟೀವಿಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡ ಮಾಡಿಕೊಡುತ್ತೇನೆ ಎಂದು ಹೊರಟರು. ಭಾಷೆಗಳ ಪಟ್ಟಿ ಉದ್ದಕ್ಕೆ ಇಳಿಯುತ್ತಲೇ ಇತ್ತು. ಕನ್ನಡ ಕಂಡಿತು ಎಂದು ಒತ್ತುವ ಹೊತ್ತಿಗೆ ಬೆರಳು ಜಾರಿ ಬೇರೆ ಯಾವುದೋ ಆಯಿತು. ತೆರೆಯ ತುಂಬ ದುಂಡು ದುಂಡಗಿನ ಅಕ್ಷರಗಳು ಬಂದು ನಿಂತವು. ದೂರದಿಂದ ನೋಡಿದರೆ ನಮ್ಮ ಅಕ್ಷರದ ನೆಂಟರ ಹಾಗಿದ್ದವು. ಹತ್ತಿರ ಹೋದರೆ ಒಂದೂ ಗುರುತಿಲ್ಲ. ತೆಲುಗೂ ಅಲ್ಲ, ತಮಿಳೂ ಅಲ್ಲ, ಮಲೆಯಾಳವೂ ಅಲ್ಲ.

"ಯಾವ ಭಾಷೆ ರೀ ಇದು?"

"ಅದೇ ಗೊತ್ತಾಗ್ತಿಲ್ಲ ಕಣೇ. ವಾಪಸ್ ಹೋಗೋದು ಹೇಗೆ ಅನ್ನೋದನ್ನೂ ಇದ್ರಲ್ಲೇ ಬರೆದವ್ರೆ."

ಅದು ಯಾವ ಭಾಷೆಯೆಂದು ಇವತ್ತಿಗೂ ನನಗೆ ತಿಳಿಯದು. ಚಿತ್ರಗಳನ್ನು ನೋಡಿಕೊಂಡು, ಯಾವ ಗುಂಡಿ ಎಡಕ್ಕೆ ಯಾವುದು ಬಲಕ್ಕೆ ಎಂಬ ಅಂದಾಜಿನಲ್ಲಿ ನಾವು ಆ ಟೀವಿಯ ಜೊತೆ ಬಾಳುವೆ ನಡೆಸಿದೆವು. ಅಂಗಡಿಗೆ ಫೋನು ಮಾಡಿದರೆ, ಕಂಪನಿಯಿಂದ ಹುಡುಗನನ್ನು ಕಳಿಸುತ್ತೇವೆ ಎನ್ನುತ್ತಿದ್ದರು. ಹುಡುಗ ಬರಲೇ ಇಲ್ಲ. ಬಾಯಿಮಾತು ಮಾತ್ರ ಅದಕ್ಕೆ ಮೊದಲಿನ ಹಾಗೆ ಅಷ್ಟೋ ಇಷ್ಟೋ ಅರ್ಥವಾಗುತ್ತಿತ್ತು. ಕಿವಿ ನಮ್ಮ ಕಡೆಯದು, ಕೈಬರಹ ಇನ್ನಾರದೋ.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಡಬ್ಬಿ ಕಟ್ಟಿಕೊಂಡು ಶಾಲೆಗೆ ಹೊರಟಿದ್ದೆ. ಟೀವಿಯಲ್ಲಿ ಕೆಂಪು ಪಟ್ಟಿಯೊಳಗೆ ಲೈವ್ ಎಂದು ಮಿನುಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಭಾರಿ ಮಳೆ, ಕೆರೆ ಕೋಡಿ ಬಿದ್ದಿದೆ, ಇವತ್ತು ಶಾಲೆಗಳಿಗೆ ರಜೆ ಎಂದು ವಾರ್ತೆಯವನು ಕೂಗಿ ಹೇಳುತ್ತಿದ್ದ. ನಾನು ಬಾಗಿಲ ಹೊರಗೆ ನೋಡಿದೆ. ಎಳೆಬಿಸಿಲು, ಎದುರುಮನೆಯವರು ರಾಗಿ ಹಿಟ್ಟಿನ ಸಂಡಿಗೆ ಒಣಹಾಕುತ್ತಿದ್ದರು.

"ಬಿಸ್ಲಿದೆಯಲ್ಲ ರೀ."

"ಟೀವೀಲಿ ಹೇಳ್ತಿದಾರಲ್ಲೇ. ಆ ಕಡೆ ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ಬರ್ತಿರಬಹುದು. ಇಲ್ಲಿಗೂ ಬರುತ್ತೆ ಬಿಡು."

ಅತ್ತೆ ಆಗಲೇ ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಬಟ್ಟೆಗಳನ್ನು ಒದ್ದೆಯಾಗಿಯೇ ಒಳಗೆ ತಂದು ಕುರ್ಚಿಗಳ ಮೇಲೆ ಹರವುತ್ತಿದ್ದರು. ನಮ್ಮನೆಯವರು ಕೊಡೆ ಹಿಡಿದು ಹಾಲು ತರಲು ಹೋದರು. ಬೀದಿಯವರೆಲ್ಲ ಅವರನ್ನು ತಿರುಗಿ ತಿರುಗಿ ನೋಡಿದರಂತೆ. ನನಗೆ ಹೋಗಬೇಕೋ ಬಿಡಬೇಕೋ ತಿಳಿಯದೆ ಹೆಡ್‌ಮಾಸ್ಟರಿಗೆ ಫೋನು ಮಾಡಿ, "ಸರ್, ಇವತ್ತು ರಜಾನಾ?" ಎಂದೆ. "ಯಾಕಮ್ಮಾ, ಹುಷಾರಿಲ್ವಾ?" ಎಂದರು. ಆ ಮಳೆ ಹಿಂದಿನ ಯಾವುದೋ ವರ್ಷದ್ದು. ಹಿಂದಿನ ರಾತ್ರಿ ನೋಡಿದ್ದಕ್ಕೆ ಹೊಂದುವಂಥದ್ದೆಂದು ಟೀವಿ ತಾನೇ ಎಲ್ಲಿಂದಲೋ ಹುಡುಕಿ ತಂದು ಹಾಕಿತ್ತು. ಲೈವ್ ಎಂಬ ಅಕ್ಷರ ಆ ಹಳೆಯ ವಾರ್ತೆಯ ಮೇಲೇ ಅಂಟಿಕೊಂಡು ಉಳಿದಿತ್ತು. ನನಗೆ ಇದು ಅರ್ಥವಾದದ್ದು ಬಸ್ಸಿನಲ್ಲಿ, ಕಿಟಕಿಯಿಂದ ಬಿಸಿಲು ಮುಖಕ್ಕೆ ಹೊಡೆಯುತ್ತಿರುವಾಗ. ಅತ್ತೆಗೆ ಸಂಜೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು. ಒಪ್ಪಿದರೋ ಇಲ್ಲವೋ ಹೇಳಲಾರೆ. "ಟೀವಿ ಅಂದ್ರೆ ಈಗ ನಡೀತಿರೋದು ತಾನೆ ತೋರ್ಸೋದು" ಎಂದು ಬಟ್ಟೆ ಮಡಿಸುತ್ತ ಅಂದುಕೊಂಡರು.

ಅತ್ತೆಯ ತವರು ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಒಂದು ಸಣ್ಣ ಊರು. ಅಲ್ಲಿ ಈಗ ಅವರ ತಮ್ಮ ಒಬ್ಬರೇ ಇದ್ದಾರೆ. ನಮ್ಮನೆಯವರಿಗೆ ಸೋದರಮಾವ, ನಾನೂ ಮಾವ ಎಂದೇ ಕರೆಯುತ್ತೇನೆ. ಒಂದಿಷ್ಟು ಟೊಮ್ಯಾಟೊ, ಒಂದಿಷ್ಟು ರಾಗಿ, ಎರಡು ಸೀಮೆಹಸು. ಮಗಳನ್ನು ಮುರುಗಮಲ್ಲದ ಹತ್ತಿರಕ್ಕೇ ಕೊಟ್ಟಿದ್ದಾರೆ. ಅವಳು ಆಗಾಗ ಬಂದು ನೋಡಿಕೊಂಡು ಹೋಗುತ್ತಾಳೆ. ಅವರ ಹೆಂಡತಿ, ನಾನು ಸಣ್ಣತ್ತೆ ಎಂದು ಕರೆಯುತ್ತಿದ್ದವರು, ಎರಡು ವರ್ಷದ ಕೆಳಗೆ ತೀರಿಕೊಂಡರು. ಆ ಕಾರ್ಯಕ್ಕೆ ಹೋಗಿ ಬಂದದ್ದೇ ಕೊನೆ, ಮಂಡಿನೋವಿನಿಂದ ಅತ್ತೆ ಮತ್ತೆ ಆ ಊರಿಗೆ ಹೋಗಲಾಗಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಮೈಕಿನ ಗುಂಡಿ ಒತ್ತಿ ತಮ್ಮ ಊರಿನ ಹೆಸರು ಹೇಳಿದರು. ಯಾಕೆ ಹೇಳಿದರೋ, ಅದೂ ಒಂದು ಹಾಡೋ ಪ್ರವಚನವೋ ಎಂಬಂತೆ ಸುಮ್ಮನೆ ಹೇಳಿದರು. ನಾನು ಪಕ್ಕದಲ್ಲಿ ಕೂತು ಪೇಪರ್ ತಿದ್ದುತ್ತಿದ್ದೆ. ಒಂದು ಸಲ ಏನೋ ತಪ್ಪು ಕೇಳಿಸಿಕೊಂಡಿತು. ಇನ್ನೊಂದು ಸಲ ಹೇಳಿದಾಗ ಬೆಟ್ಟದ ಚಿತ್ರವಿದ್ದ ಒಂದು ವಿಡಿಯೊ ಬಂತು. ಯಾರೋ ಮೇಲಿನಿಂದ ಡ್ರೋನ್ ಹಾರಿಸಿ ತೆಗೆದದ್ದು. ಕ್ಯಾಮೆರಾ ಶಾಲೆಯ ಬಯಲಿನಿಂದ ಮೇಲೆದ್ದು, ಹೆಂಚಿನ ಮನೆಗಳ ಮೇಲೆ, ಹುಲ್ಲಿನ ಬಣವೆಗಳ ಮೇಲೆ ತೇಲಿಕೊಂಡು ಹೋಯಿತು. ಹಿಂದೆ ಯಾವುದೋ ಸಂಗೀತ.

"ಅಯ್ಯೋ, ಡೈರಿ! ಅದು ಹಾಲಿನ ಡೈರಿ ಕಣಮ್ಮಾ. ಅಗೋ ನೀರಿನ ಟ್ಯಾಂಕು." ಅತ್ತೆ ದಿವಾನದಿಂದ ಎದ್ದು ನಿಂತುಬಿಟ್ಟರು. "ನಮ್ಮನೆ! ಚೂಡು, ಚೂಡು, ನಮ್ಮನೆ."

ತವರಿನ ಮಾತು ಬಂದಾಗ ಅವರ ಬಾಯಲ್ಲಿ ತೆಲುಗು ತಾನಾಗಿ ಬಂದುಬಿಡುತ್ತದೆ, ನೋಡು ಎನ್ನುವುದು ಚೂಡು ಆಗುತ್ತದೆ. ಮನೆಯ ಮಗ್ಗುಲಲ್ಲಿ ರಸ್ತೆಗೆ ಬಾಗಿಕೊಂಡು ಒಂದು ದೊಡ್ಡ ಹುಣಸೆಮರ ನಿಂತಿತ್ತು. ಅದರ ತುಂಬ ಕಾಯಿ. ಅತ್ತೆ ಹತ್ತಿರ ಹೋಗಿ ಟೀವಿಯ ಗಾಜಿನ ಮೇಲೆ ಕೈಯಿಟ್ಟರು. ನಾನು ಹುಟ್ಟುವುದಕ್ಕೂ ಮುಂಚೆ ಅವರ ಅಪ್ಪ ನೆಟ್ಟ ಮರವಂತೆ ಅದು. ಪ್ರತಿ ಬೇಸಿಗೆ ಮುಗಿಯುವ ಹೊತ್ತಿಗೆ ಆ ಮರದ ಹಣ್ಣು, ಬೀಜ ಬಿಡಿಸಿ ಉಪ್ಪು ಹಾಕಿ ಉಂಡೆ ಕಟ್ಟಿದ್ದು, ಒಂದು ಬುಟ್ಟಿ ನಮ್ಮ ಮನೆಗೆ ಬರುತ್ತಿತ್ತು. ಹೋದ ವರ್ಷ ಬಂದ ಹಣ್ಣಿನಲ್ಲಿ ಸಾರು ಮಾಡಿದಾಗಲೂ ಅತ್ತೆ, "ಅಂಗಡೀದು ಇದ್ರ ಮುಂದೆ ಏನೂ ಅಲ್ಲ" ಎಂದಿದ್ದರು. ಈ ವರ್ಷ ಬುಟ್ಟಿ ಬಂದಿರಲಿಲ್ಲ.

"ಇಷ್ಟು ಕಾಯಿ ಇಟ್ಕೊಂಡು ಇನ್ನೂ ಕಳಿಸಿಲ್ವಲ್ಲ ಇವನು. ಫೋನ್ ಹಾಕಮ್ಮಾ" ಎಂದರು.

ನಾನು ಮಾವನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಅತ್ತೆ ಯೋಗಕ್ಷೇಮವನ್ನೂ ಕೇಳಲಿಲ್ಲ.

"ಏಮಿರಾ, ಹುಣಸೆಹಣ್ಣು ಯಾವಾಗ ಕಳಿಸ್ತೀಯಾ?"

ಮಾವ, "ಮರ ಎಲ್ಲೈತಕ್ಕಾ? ರೋಡ್ ಅಗಲ ಮಾಡಿದ್ರಲ್ಲ, ಅದಕ್ಕೆ ಹೋಯ್ತು. ನಿಂಗೆ ಹೇಳಿದ್ರೆ ಬೇಜಾರ್ ಮಾಡ್ಕೊಂತೀಯಾ ಅಂತ ಸುಮ್ನಿದ್ದೆ" ಎಂದರು.

"ಹೋಯ್ತಾ? ಈಗ ತಾನೆ ನೋಡಿದ್ನಲ್ಲೋ. ಕಾಯಿ ತುಂಬ್ಕೊಂಡು ನಿಂತೈತೆ."

"ಎಲ್ಲಿ ನೋಡ್ದೆ?"

"ಟೀವೀಲಿ."

"ಟೀವೀಲಿ ನಮ್ಮನೆ ಹುಣಸೆಮರ ತೋರಿಸ್ತಾರಾ ಅಕ್ಕಾ?"

"ನಿನ್ನ ಸೊಸೇನ ಕೇಳು. ಪಕ್ಕದಲ್ಲೇ ಅವಳೆ. ಹೋದ ವರ್ಷ ಹಣ್ಣು ಕಳಿಸಿದ್ಯಲ್ಲ, ಅದು ಯಾವ ಮರದ್ದು ಹಂಗಾದ್ರೆ?"

ಮಾವ ಹಸು ಬಿಚ್ಚಿಕೊಂಡಿದೆ ಎಂದೋ ಏನೋ ಹೇಳಿ ಫೋನಿಟ್ಟರು.

ಅತ್ತೆ ನನ್ನ ಕಡೆ ತಿರುಗಿದರು. "ನೋಡಿದ್ಯಾ? ಹೆಂಡ್ತಿ ಹೋದ್ಮೇಲೆ ಅಕ್ಕನೂ ಬೇಡವಾದ್ಲು ಇವನಿಗೆ. ಕಳ್ಸೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಲಿ. ನಿಂತಿರೋ ಮರಾನ ಹೋಯ್ತು ಅಂತಾನಲ್ಲ, ಬಾಯಿ ಹೇಗೆ ಬಂತು?"

ನನಗೆ ಯಾರನ್ನು ನಂಬಬೇಕೋ ತಿಳಿಯಲಿಲ್ಲ. ಮಳೆಯ ಪಾಠ ಆಗಿದ್ದರಿಂದ ಇದೂ ಹಳೆಯದಿರಬಹುದು ಅನಿಸಿತು. ವಿಡಿಯೊದ ಕೆಳಗೆ ಅದು ಯಾವಾಗಿನದೆಂದು ಬರೆದಿರುತ್ತಾರಲ್ಲ ಎಂದು ಹುಡುಕಿದೆ. ಬರೆದಿತ್ತು, ಆ ದುಂಡು ಅಕ್ಷರದಲ್ಲಿ. ಅಂಕಿಗಳೂ ಅದೇ ಭಾಷೆಯವು. ಕನ್ನಡಕ ಹಾಕಿಕೊಂಡು ಟೀವಿಯ ಮುಂದೆ ನಿಂತು, ಒಂದು ಸಾಲನ್ನು ಎಷ್ಟೋ ಹೊತ್ತು ದಿಟ್ಟಿಸಿದೆ. ಫೋನಿನಲ್ಲಿ ಹುಡುಕೋಣವೆಂದರೆ ಆ ವಿಡಿಯೊದ ಹೆಸರೂ ಓದಲು ಬಾರದು. ಊರಿನ ಹೆಸರು ಹಾಕಿದರೆ ಫೋನಿನಲ್ಲಿ ಬೇರೆ ಏನೇನೋ ಬಂತು, ಅದು ಬರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಮಾವ ಸುಳ್ಳು ಹೇಳುವ ಮನುಷ್ಯರಲ್ಲ. ಹಾಗಾದರೆ ಹೋದ ವರ್ಷದ ಹಣ್ಣು? ನಮ್ಮನೆಯವರನ್ನು ಕೇಳಿದೆ. "ಒಂದಿನ ಬೈಕಲ್ಲಿ ಹೋಗಿ ನೋಡ್ಕೊಂಡು ಬರೋಣ ಬಿಡು" ಎಂದರು. ಇವತ್ತು ನಾಳೆ ಎನ್ನುತ್ತ ಹೋಗಲಿಲ್ಲ.

ಅತ್ತೆ ಮಾತ್ರ ದಿನಾ ಆ ವಿಡಿಯೊ ಹಾಕಿಸಿಕೊಂಡು ನೋಡುತ್ತಿದ್ದರು. ನಾನು ಶಾಲೆಯಿಂದ ಬಂದು ಕಾಫಿ ಇಡುವ ಹೊತ್ತಿಗೆ ಅವರದೇ ಧ್ವನಿ ಹಾಲ್‌ನಿಂದ ಕೇಳಿಸುತ್ತಿತ್ತು, ಊರಿನ ಹೆಸರು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ. "ಇವತ್ತೂ ನಿಂತೈತೆ" ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಮಾವನಿಗೆ ಫೋನು ಮಾಡುವುದನ್ನು ನಿಲ್ಲಿಸಿಬಿಟ್ಟರು. ಅವರು ಮಾಡಿದರೂ ತೆಗೆಯಲಿಲ್ಲ. ನಾನು ನಡುವೆ ಏನೋ ಹೇಳಹೋದರೆ, "ನಿನ್ನ ಕಣ್ಣಲ್ಲೇ ನೋಡಿದ್ಯಲ್ಲ, ಇನ್ನೇನು?" ಎನ್ನುತ್ತಿದ್ದರು. ಅದು ನಿಜ, ನನ್ನ ಕಣ್ಣಲ್ಲೇ ನೋಡಿದ್ದೆ. ಅದೇ ನನ್ನ ಕಷ್ಟವಾಗಿತ್ತು.

ಕೊನೆಗೆ ಮಾವನೇ ಬಂದರು. ಟೊಮ್ಯಾಟೊ ಹಾಕಿಕೊಂಡು ಚಿಂತಾಮಣಿಯ ಮಾರ್ಕೆಟ್ಟಿಗೆ ಬಂದವರು, ಅದನ್ನು ಮುಗಿಸಿಕೊಂಡು ಬೆಳಗಿನ ಹೊತ್ತೇ ನೇರ ನಮ್ಮ ಮನೆಗೆ. ಅವತ್ತು ನನಗೂ ರಜೆ. ಕಾಲು ತೊಳೆದುಕೊಂಡು ಒಳಗೆ ಬಂದು, ಅಕ್ಕನ ಎದುರು ನೆಲದ ಮೇಲೆ ಕೂತರು. ಅತ್ತೆ ಗೋಡೆ ನೋಡುತ್ತಿದ್ದರು.

"ಅದೇನೋ ತೋರ್ಸು ಅಕ್ಕಾ, ನಾನೂ ನೋಡ್ತೀನಿ" ಎಂದರು ಮಾವ.

ಅತ್ತೆ ಗೆದ್ದವರ ಹಾಗೆ ರಿಮೋಟು ಎತ್ತಿಕೊಂಡು ಊರಿನ ಹೆಸರು ಹೇಳಿದರು. ಆ ಹೊತ್ತಿಗೇ ಟೀವಿ ಕಪ್ಪಾಗಿ, ನಡುವೆ ಒಂದು ಚಕ್ರ ಸುತ್ತತೊಡಗಿತು. ಕೆಳಗೆ ದುಂಡಕ್ಷರದಲ್ಲಿ ಏನೋ ಒಂದು ಸಾಲು. ಅಪ್‌ಡೇಟ್ ಆಗುತ್ತಿದೆಯೋ, ಕೆಟ್ಟೇ ಹೋಯಿತೋ ಹೇಳಲು ಬರುವಂತಿರಲಿಲ್ಲ. ನಾನು ಉಪ್ಪಿಟ್ಟು ಮಾಡಿ ತಂದೆ. ಮಾವ ತಿಂದರು. ಚಕ್ರ ಸುತ್ತುತ್ತಲೇ ಇತ್ತು. ಅಕ್ಕ ತಮ್ಮ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದರು. ಕಾಫಿಯೂ ಮುಗಿದ ಮೇಲೆ ಅದು ತಾನಾಗಿ ಎದ್ದಿತು. ಮತ್ತೆ ಯಾರು ನೋಡುತ್ತಿರುವವರು ಎಂದಿತು. ಕರಡಿ ಒತ್ತಿದೆ. ಮೊದಲು ಒಂದು ಸೋಪಿನ ಜಾಹೀರಾತು, ಆಮೇಲೆ ಇನ್ನೊಂದು. ಅಂತೂ ಶಾಲೆಯ ಬಯಲು ಕಾಣಿಸಿತು.

ಮಾವ ಕತ್ತು ಮುಂದೆ ಚಾಚಿ ನೋಡಿದರು. ಡೈರಿ, ಟ್ಯಾಂಕು, ಬಣವೆಗಳು. ಮನೆ ಬಂತು, ಮರ ಬಂತು.

"ಐತಾ ಇಲ್ವಾ? ಈಗ ಹೇಳು" ಎಂದರು ಅತ್ತೆ.

ಮಾವ ಕೂತಲ್ಲಿಂದ ಮೆಲ್ಲಗೆ ಎದ್ದರು. ಕ್ಯಾಮೆರಾ ಮುಂದೆ ಹೋಗಿ ಬೆಟ್ಟದ ಕಡೆ ತಿರುಗಿತ್ತು. ಅವರು ಇನ್ನೂ ಮನೆ ಕಂಡಿದ್ದ ಮೂಲೆಯನ್ನೇ ನೋಡುತ್ತಿದ್ದರು.

"ಇನ್ನೊಂದ್ ಸಲ ಹಾಕಮ್ಮಾ" ಎಂದರು ನನಗೆ.

ಹಿಂದಕ್ಕೆ ಓಡಿಸಲು ಹೋದೆ. ಅದು ಬೇರೊಂದು ವಿಡಿಯೊಕ್ಕೆ ಹಾರಿತು, ಯಾರೋ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಮತ್ತೆ ಹುಡುಕಿ, ಮತ್ತೆ ಜಾಹೀರಾತು, ಮತ್ತೆ ಬಯಲು. ಮನೆ ಬಂದ ಕೂಡಲೇ ಮಾವ ಕೆಳಗಿನ ಮೂಲೆಗೆ ಬೆರಳಿಟ್ಟರು.

"ಅಲ್ನೋಡಕ್ಕಾ. ಮರದ ಕೆಳಗೆ."

ಮರದ ನೆರಳಿನಿಂದ ಒಬ್ಬ ಹೆಂಗಸು ಪೊರಕೆ ಹಿಡಿದು ಅಂಗಳಕ್ಕೆ ಬಂದರು. ನನ್ನ ಬೆರಳಿನಷ್ಟು ಉದ್ದ ಕಾಣುತ್ತಿದ್ದರು. ಹಸಿರು ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು, ನೇರ ನಮ್ಮ ಕಡೆಗೆ. ಅಷ್ಟರಲ್ಲಿ ಮನೆ ತೆರೆಯಿಂದ ಜಾರಿ ಹೋಯಿತು.

ಸಣ್ಣತ್ತೆ. ಆ ಹೆಂಗಸನ್ನು ನಾನು ಅದೆಷ್ಟು ಸಲ ನೋಡಿದ್ದೆನೋ. ಯಾರೋ ಒಬ್ಬರು ಗುಡಿಸುತ್ತಿದ್ದಾರೆ ಎಂದಷ್ಟೇ ಕಣ್ಣಿಗೆ ಬಿದ್ದಿತ್ತು.

ನಾನು ಮತ್ತೆ ಹಾಕಿದೆ. ಈ ಸಲ ಅವರು ತಲೆಯೆತ್ತಿದ ಕೂಡಲೇ ನಿಲ್ಲಿಸಿದೆ. ನಿಲ್ಲಿಸಿದೊಡನೆ ಟೀವಿಯ ಕೆಳಭಾಗ ಮಬ್ಬಾಗಿ, ಅದರ ಮೇಲೆ ಆ ದುಂಡಕ್ಷರದ ಪಟ್ಟಿಯೊಂದು ಮೂಡಿ, ಸರಿಯಾಗಿ ಅವರ ಮುಖದ ಮೇಲೆ ಕೂತಿತು. ಕಾದರೂ ಹೋಗಲಿಲ್ಲ. ಬೇರೆ ಗುಂಡಿ ಒತ್ತಿದರೆ ವಿಡಿಯೊ ಓಡತೊಡಗುತ್ತದೆ. ನಿಲ್ಲಿಸಿದರೆ ಪಟ್ಟಿ ಬರುತ್ತದೆ. ಅವರನ್ನು ನಿಲ್ಲಿಸಿ ನೋಡುವುದಕ್ಕೆ ಆ ಟೀವಿಯಲ್ಲಿ ದಾರಿಯೇ ಇರಲಿಲ್ಲ, ಇದ್ದರೂ ನನಗೆ ಗೊತ್ತಿರಲಿಲ್ಲ. "ಬಿಡಮ್ಮಾ, ಓಡ್ತಾನೇ ಇರಲಿ" ಎಂದರು ಮಾವ.

ಅತ್ತೆ ದಿವಾನದ ಅಂಚಿನಲ್ಲಿ ಕೂತಿದ್ದರು. "ದಿನಾ ನೋಡಿದ್ನಲ್ಲೋ" ಎಂದರು. "ದಿನಾ ಕೂತ್ಕೊಂಡು ನೋಡಿದ್ನಲ್ಲೋ. ಮರಾನೇ ನೋಡ್ತಿದ್ದೆ ಕಣೋ. ಅವಳು ಕಣ್ಣಿಗೇ ಬೀಳಲಿಲ್ಲ ನಂಗೆ." ಸೆರಗು ಬಾಯಿಗೆ ಹಿಡಿದು ಅತ್ತರು. ಮಾವ ಅವರ ಪಕ್ಕಕ್ಕೆ ಹೋಗಿ ಕೂತರು.

"ನಿಂಗೆ ಹೇಳ್ಬೇಕಾಗಿತ್ತು ಅಕ್ಕಾ. ಅವಳು ಹೋಗಿ ಸ್ವಲ್ಪ ದಿನಕ್ಕೇ ಮಿಷನ್ ತಂದು ಮರ ಬೀಳಿಸಿದ್ರು. ಒಂದರ ಮೇಲೊಂದು ಏನು ಹೇಳೋದು ಅಂತ ಸುಮ್ನಾದೆ. ಹೋದ ವರ್ಷ ಹಣ್ಣು ಮುರುಗಮಲ್ಲದ ಅಂಗಡಿಯಿಂದ ತಂದು ಕಳಿಸ್ದೆ. ಮಗಳು ಉಪ್ಪು ಹಾಕಿ ಉಂಡೆ ಕಟ್ಟಿಕೊಟ್ಲು. ಈ ವರ್ಷ ಇನ್ನೊಂದ್ ಸಲ ಹಂಗೆ ಮಾಡೋಕೆ ಮನಸ್ಸು ಬರಲಿಲ್ಲ."

ಅತ್ತೆ ಕಣ್ಣೊರೆಸಿಕೊಂಡು, "ಚೆನ್ನಾಗೇ ಇತ್ತಲ್ಲೋ ಅದು" ಎಂದರು. ಇಬ್ಬರೂ ಒಟ್ಟಿಗೆ ನಕ್ಕರು. ಅತ್ತೆಯ ನಗು ನಡುವೆ ಮತ್ತೆ ಅಳುವಾಯಿತು.

ಆ ದಿನ ಮಾವ ಊಟ ಮಾಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದರು. ಹೋಗುವ ಮುಂಚೆ ತಮ್ಮ ಫೋನು ನನ್ನ ಕೈಗೆ ಕೊಟ್ಟು, ಇದರಲ್ಲಿ ಆ ವಿಡಿಯೊ ಹಾಕಿಕೊಡು ಎಂದರು. ಟೀವಿಯಿಂದ ಫೋನಿಗೆ ಕಳಿಸುವುದು ಹೇಗೆಂದು ಗೊತ್ತಾಗದೆ, ಅವರ ಊರಿನ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ಹುಡುಕಿ, ಕೊನೆಗೆ ಬೆಟ್ಟದ ಚಿತ್ರದ ಗುರುತಿನಿಂದ ಅದನ್ನು ಹಿಡಿದೆ. ಫೋನಿನಲ್ಲಿ ಅಕ್ಷರ ಓದಲು ಬರುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಎಂದಿತ್ತು. ಮಾವ ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ತಿರುಗಿಸಿದರು. ಮನೆ ಬೆಂಕಿಪೊಟ್ಟಣದಷ್ಟಿತ್ತು. ಮರದ ಪಕ್ಕ ಒಂದು ಹಸಿರು ಚುಕ್ಕೆ ಸರಿದಾಡಿತು.

"ಇದ್ರಲ್ಲಿ ಅವಳಿಲ್ಲ" ಎಂದು ವಾಪಸ್ ಜೇಬಿಗೆ ಹಾಕಿಕೊಂಡರು.

ಅಲ್ಲಿಂದ ಮುಂದೆ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಮಾವ ನಮ್ಮ ಮನೆಗೆ ಬರತೊಡಗಿದರು. ಬೀನ್ಸೋ ಸೊಪ್ಪೋ ಏನಾದರೂ ತಂದು ಬಾಗಿಲಲ್ಲಿ ಇಡುತ್ತಾರೆ. ಕೇಳುವುದಿಲ್ಲ. ನಾನೇ ಹಾಕುತ್ತೇನೆ. ಒಂದು ಸಲ ನೋಡುತ್ತಾರೆ, ಒಂದೊಂದು ದಿನ ಎರಡು ಸಲ. ಅತ್ತೆ ಈಗ ಮರದ ಕಡೆ ನೋಡುವುದಿಲ್ಲ, "ಬಂದ್ಲು, ಬಂದ್ಲು" ಎನ್ನುತ್ತಾರೆ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ನೋಡಿದ ದಿನ ಮಾವ ಹಗುರಾಗಿ ಹೋಗುತ್ತಾರೋ ಭಾರವಾಗಿ ಹೋಗುತ್ತಾರೋ ಅವರ ಮುಖದಲ್ಲಿ ಕಾಣುವುದಿಲ್ಲ. ಯಾರೋ ಯಾವಾಗಲೋ ಆ ವಿಡಿಯೊ ತೆಗೆದುಹಾಕಿಬಿಟ್ಟರೆ ಏನು ಹೇಳುವುದು ಎಂದು ನಮ್ಮನೆಯವರನ್ನು ಕೇಳಿದೆ. ಅವರು, "ಅಷ್ಟೊತ್ತಿಗೆ ಆ ಟೀವಿನೇ ಕೆಟ್ಟೋಗಿರುತ್ತೆ ಬಿಡೇ" ಎಂದರು. ಟೀವಿ ಕೆಟ್ಟಿಲ್ಲ. ಒಂದು ಬೆಳಿಗ್ಗೆ ತಾನಾಗಿಯೇ ಇಂಗ್ಲಿಷಿಗೆ ಮರಳಿತು, ಯಾಕೆಂದು ಹೇಳಲಿಲ್ಲ.

ಮೊನ್ನೆ ಬಂದಾಗ ಮಾವ ಮುದ್ದೆ ಊಟ ಮಾಡುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಅಕ್ಕಾ, ನಂಗೆ ಈಗ ಜ್ಞಾಪಕ ಬಂತು. ಒಂದಿನ ನಾನು ತೋಟದಿಂದ ಬಂದಾಗ ಅವಳು, ಮನೆ ಮೇಲೆ ಏನೋ ಗುಂಯ್ ಅಂತ ಹಾರ್ಕೊಂಡು ಹೋಯ್ತು ಅಂದಿದ್ಲು. ದೊಡ್ಡ ಜೀರುಂಡೆ ಹಂಗಿತ್ತು, ನಾಲ್ಕು ಕಡೆ ರೆಕ್ಕೆ ತಿರುಗ್ತಿತ್ತು ಅಂದ್ಲು. ನಾನು, ಹದ್ದಿರ್ಬೇಕು ಹೋಗೇ ಅಂದೆ."

"ಆಮೇಲೆ?" ಎಂದರು ಅತ್ತೆ.

"ಆಮೇಲೇನು, ಹದ್ದು ಅಂದಿದ್ದೇ ತಡ ಓಡಿಹೋಗಿ ಕೋಳೀನೆಲ್ಲ ಹಿಡಿದು ಬುಟ್ಟಿ ಕವುಚಿದ್ಲು. ಮಾರನೇ ದಿನದವರೆಗೂ ಬಿಡಲಿಲ್ಲ ಅವನ್ನ."

ಮಾವ ನಗಲಾರಂಭಿಸಿದರು. ಅತ್ತೆಯೂ. "ಬಿಡ್ತಾಳಾ ಅವಳು, ಕೋಳಿ ಅಂದ್ರೆ ಪ್ರಾಣ" ಎಂದು ತಟ್ಟೆಗೆ ಇನ್ನಷ್ಟು ಸಾರು ಬಿಟ್ಟರು. ಯಾವ ಕೋಳಿ ಎಲ್ಲಿ ಮೊಟ್ಟೆಯಿಡುತ್ತಿತ್ತು, ಯಾವುದು ಪಕ್ಕದ ಮನೆಗೆ ಹೋಗಿ ಇಟ್ಟು ಜಗಳ ತಂದಿತ್ತು ಎಂದು ಇಬ್ಬರೂ ತೆಲುಗಿನಲ್ಲಿ ಮಾತಿಗೆ ಬಿದ್ದರು. ನಾನು ಊಟ ಮುಗಿದ ಮೇಲೆ ರಿಮೋಟು ಹಿಡಿದು ಟೀವಿಯ ಮುಂದೆ ನಿಂತೆ. ಹಾಕಲೋ ಬೇಡವೋ ತಿಳಿಯಲಿಲ್ಲ. ಮಾವ ಕೈ ತೊಳೆದು ಬಂದರು, ಗೋಡೆಗೊರಗಿ ಕೂತು ಮಾತು ಮುಂದುವರಿಸಿದರು. ಆ ಕಡೆ ನೋಡಲಿಲ್ಲ. ಬಸ್ಸಿನ ಹೊತ್ತಾಗುವವರೆಗೂ ಹಾಗೇ ಮಾತಾಡುತ್ತಿದ್ದರು.